ಮಾತು ಕೇಳದ ಮೂತ್ರಪಿಂಡ

ಅಪ್ಪನ ಬಗ್ಗೆ ಎರಡು ಸಂಗತಿಗಳನ್ನು ನಮ್ಮ ಮನೆಯಿಂದ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಒಂದು, ಅವನು ಕೊಡಗಟ್ಟಲೆ ನೀರು ಕುಡಿಯುತ್ತಾನೆ ಎನ್ನುವುದು. ಇನ್ನೊಂದು, ತಲೆ ನೆಟ್ಟಗಿರಲಿ ಎಂದು ದಿನಾ ಗುಳಿಗೆ ನುಂಗುತ್ತಾನೆ ಎನ್ನುವುದು. ಮೊದಲನೆಯದನ್ನು ಮುಚ್ಚಿಡುವುದು ಸುಲಭವಿತ್ತು. ಕೊಟ್ಟೂರಿನಲ್ಲಿ ಅಪ್ಪನದು ಮಂಡಕ್ಕಿ ಭಟ್ಟಿ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸುತ್ತ ಬೆಂಕಿಯ ಮುಂದೆ ಕೂರುವ ಮನುಷ್ಯ ನೀರು ಕುಡಿಯದೆ ಇನ್ನೇನು ಮಾಡಿಯಾನು? "ಭಟ್ಟಿ ಝಳ ಭಾಳರಿ" ಎಂದು ಅವ್ವ ಹೇಳಿದರೆ ಕೇಳಿದವರು ತಲೆ ಆಡಿಸುತ್ತಿದ್ದರು. ಭಟ್ಟಿ ಆರಿದ ದಿನವೂ, ಚಳಿಗೆ ನಾವೆಲ್ಲ ಕಂಬಳಿ ಹೊದ್ದ ದಿನವೂ ಅವನು ಅಷ್ಟೇ ಕುಡಿಯುತ್ತಿದ್ದ ಎಂಬುದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಕುಡಿದದ್ದು ಹೊರಗೂ ಹೋಗಬೇಕಲ್ಲ. ಊಟದ ನಡುವೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ, ಲೆಕ್ಕ ಹೇಳುತ್ತಿದ್ದವನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದ. ಬಸ್ಸಿನಲ್ಲಿ ಕೂಡ್ಲಿಗಿಗೆ ಹೊರಟರೆ ನಡುದಾರಿಯಲ್ಲಿ ಇಳಿದು ಮುಂದಿನ ಬಸ್ಸಿಗೆ ಕೈ ಮಾಡುತ್ತಿದ್ದ. ಕಂಡಕ್ಟರುಗಳಿಗೆ ಇದು ರೂಢಿಯಾಗಿ, ಒಂದು ದೊಡ್ಡ ಬೇವಿನ ಮರ ಬಂದ ಕೂಡಲೇ ತಾವೇ ಸೀಟಿ ಊದುತ್ತಿದ್ದರು.

ಗುಳಿಗೆಯ ವಿಷಯ ಹಳೆಯದು. ನಾನು ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ನಿದ್ದೆ ಬಿಟ್ಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರಿನಲ್ಲಿ ಹೊಸ ಭಟ್ಟಿ ಹಾಕುವುದಾಗಿ ಸಾರಿದ. ಹಲವಾಗಲು ಕಡೆಯಿಂದ ಲಾರಿಗಟ್ಟಲೆ ಭತ್ತ ತರಿಸಿ ಇಡಲು ಜಾಗವಿಲ್ಲದೆ ರಸ್ತೆಯಲ್ಲೇ ಸುರಿಸಿದ. ಆಗ ಜನ ಅವನನ್ನು ಭಾರೀ ವ್ಯಾಪಾರಸ್ಥ ಎಂದು ಹೊಗಳಿದರು. ಮಳೆಗಾಲ ಬರುವ ಹೊತ್ತಿಗೆ ಅದೇ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕರೆದರೆ ತಿರುಗಲಿಲ್ಲ. ಆಗ ಅದೇ ಜನ ಗಾಳಿ ಸೋಕಿದೆ ಎಂದರು. ಹರಪನಹಳ್ಳಿಯಿಂದ ಓಡಿಬಂದ ಸೋದರಮಾವ, ಅಂದರೆ ಅವ್ವನ ತಮ್ಮ, ಅಪ್ಪನನ್ನು ದಾವಣಗೆರೆಯ ಒಬ್ಬ ಮನೋರೋಗದ ಡಾಕ್ಟರ ಹತ್ತಿರ ಕರೆದೊಯ್ದ. ಲಿಥಿಯಂ ಎಂಬ ಗುಳಿಗೆ ಕೊಟ್ಟರು. ಅದನ್ನು ನುಂಗುತ್ತ ನುಂಗುತ್ತ ಅಪ್ಪ ಮತ್ತೆ ಅಪ್ಪನಾದ. ಈ ಒಂದು ಕೆಲಸಕ್ಕೆ ನಾನು ಮಾವನಿಗೆ ಇವತ್ತಿಗೂ ಋಣಿ. ಅವನ ಉಳಿದ ಕೆಲಸಗಳಿಗೆ ಬೈಯುವ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗಬೇಕು ಎಂದು ಡಾಕ್ಟರು ಕಡ್ಡಾಯವಾಗಿ ಹೇಳಿ ಕಳಿಸಿದ್ದರು. ಆದರೆ ಆ ದವಾಖಾನೆಯ ಬೆಂಚಿನ ಮೇಲೆ ಕೂತದ್ದನ್ನು ನಮ್ಮೂರಿನವರು ಯಾರಾದರೂ ನೋಡಿಬಿಟ್ಟರೆ? ಮನೆಯಲ್ಲಿ ಲಗ್ನದ ಹುಡುಗಿ ಇದ್ದಾಳೆ. ಆ ಲಗ್ನದ ಹುಡುಗಿ ನಾನು. ಆಗ ಮೂರನೇ ಕ್ಲಾಸಿನಲ್ಲಿದ್ದೆ. ಮಾವ ಒಂದು ಉಪಾಯ ಹೂಡಿದ. ತಾನೇ ದಾವಣಗೆರೆಗೆ ಹೋಗಿ, ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ಗುಳಿಗೆ ತರತೊಡಗಿದ. ಕೇಳಿದವರಿಗೆ "ಭತ್ತದ ರೇಟು ನೋಡಾಕ ಹೋಗಿದ್ದೆ" ಎನ್ನುತ್ತಿದ್ದ. ಹೀಗೆ ವರ್ಷಗಳು ಕಳೆದವು. ಅಪ್ಪನ ತಲೆ ಶಾಂತವಾಗಿತ್ತು, ಮನೆತನದ ಮರ್ಯಾದೆ ಭದ್ರವಾಗಿತ್ತು. ಅಪ್ಪನ ರಕ್ತವನ್ನು ಮಾತ್ರ ಯಾರೂ ನೋಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಕಡೆ ಸಕ್ಕರೆ ಕಾಯಿಲೆ ಹೊಸದಾಗಿ ಹೆಸರು ಮಾಡಿತ್ತು. ಯಾರು ಎದ್ದು ಹಿತ್ತಲಿಗೆ ಹೋದರೂ ಸಕ್ಕರೆಯೇ. ಮಾವ ಅಪ್ಪನನ್ನು ಒಂದು ದಿನ ಗಮನವಿಟ್ಟು ನೋಡಿ, "ಅಕ್ಕಾ, ಭಾವಾಗ ಸಕ್ಕರಿ ಐತಿ" ಎಂದು ಘೋಷಿಸಿದ. ನಾನು ಆಗ ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಲ್ಯಾಬಿನಲ್ಲಿ ಒಮ್ಮೆ ತೋರಿಸೋಣ ಎಂದೆ.

"ಲ್ಯಾಬಿನಾಂವ ಊರಿಗೆಲ್ಲ ಡಂಗುರ ಹೊಡೀತಾನ" ಎಂದ ಮಾವ. "ಇರಿವಿ ಅದಾವಲ್ಲ ಮನ್ಯಾಗ. ಉಚ್ಚಿಗೆ ಇರಿವಿ ಮುತ್ತಿದ್ರ ಸಕ್ಕರಿ ಐತಿ, ಇಲ್ಲಂದ್ರ ಇಲ್ಲ. ಪುಕ್ಕಟಿ ಪರೀಕ್ಷಿ."

ಅಪ್ಪನಿಂದ ಹಿತ್ತಲಿನ ಕಲ್ಲಿನ ಮೇಲೆ ಉಚ್ಚೆ ಹೊಯ್ಯಿಸಿ, ಆಮೇಲೆ ಮಾವ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಇರುವೆಗಳ ಸಾಲು ಬಂತು, ಒದ್ದೆಯ ಅಂಚಿನಲ್ಲಿ ನಿಂತಿತು, ಆಸಕ್ತಿ ತೋರದೆ ಸುತ್ತಿ ಬಳಸಿ ಹೋಯಿತು. ನನ್ನ ಕಣ್ಣಮುಂದೆ ನಡೆದ ಅತ್ಯಂತ ಪ್ರಾಮಾಣಿಕ ವೈದ್ಯಕೀಯ ಪರೀಕ್ಷೆ ಅದು. ಮಾವನಿಗೆ ಸಮಾಧಾನವಾಗಲಿಲ್ಲ. "ಇರಿವಿಗೆ ದಾರಿ ಗೊತ್ತಾಗಿಲ್ಲ, ಕರೀಬೇಕು" ಎಂದು ಅಡುಗೆಮನೆಯಿಂದ ಬೆಲ್ಲದ ಪುಡಿ ತಂದು ಕಲ್ಲಿನ ಮೇಲೆ ಉದುರಿಸಿದ. ಇರುವೆಗಳು ಮುತ್ತಿಕೊಂಡವು. "ನೋಡಿದ್ಯಾ? ಹೇಳಲಿಲ್ಲ ನಾನು?" ಎಂದ.

ನಾನು ನಕ್ಕೆ. "ಮಾವ, ಬೆಲ್ಲ ಹಾಕಿದ್ರ ಕಲ್ಲಿಗೂ ಸಕ್ಕರಿ ಕಾಯಿಲೆ ಬರ್ತೈತಿ" ಎಂದೆ.

"ಕಪ್ಪಿ ಕೊಯ್ಯೋಳು ನೀನು. ಮನುಷ್ಯರ ಸುದ್ದಿ ನಿನಗ್ಯಾಕ?" ಎಂದು ಬಾಯಿ ಮುಚ್ಚಿಸಿದ.

ಅಂದಿನಿಂದ ಅಪ್ಪನಿಗೆ ಹೋಳಿಗೆ ಬಂದ್. ಹಾಗಲಕಾಯಿ ರಸ, ನೆನೆಹಾಕಿದ ಮೆಂತ್ಯ, ಬೇವಿನ ಚಿಗುರು, ಯಾರು ಏನು ಹೇಳಿದರೆ ಅದು. ಅವನು ಎಲ್ಲವನ್ನೂ ನುಂಗಿ ಮೇಲೆ ಎರಡು ಚೆಂಬು ನೀರು ಕುಡಿಯುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಬಾಯಾರಿದವನ ಮುಖವನ್ನು ನೀವು ಹತ್ತಿರದಿಂದ ನೋಡಿರಬೇಕು. ಎಷ್ಟು ಕುಡಿದರೂ ಅಪ್ಪನ ಮುಖದಿಂದ ಅದು ಹೋಗುತ್ತಿರಲಿಲ್ಲ.

ನನ್ನ ಬಿ.ಎಸ್ಸಿ. ಮುಗಿದ ವರ್ಷ ಹಡಗಲಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗನಿಗೆ ಸರ್ಕಾರಿ ನೌಕರಿ. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಒಂದು ತೊಡಕಿತ್ತು. ನಮ್ಮಲ್ಲಿ ಲಗ್ನದ ಮಾತುಕತೆಗೆ ಹೆಣ್ಣಿನ ತಂದೆ ಜಮಖಾನೆಯ ಮೇಲೆ ಒಮ್ಮೆ ಕೂತರೆ ಎಲೆ ಅಡಿಕೆ ಹಂಚುವ ತನಕ ಏಳಬಾರದು. ನಡುವೆ ಎದ್ದರೆ ಮಾತು ಮುರಿದಂತೆ. ಹಿತ್ತಲಿಗೆ ಹೋಗಬೇಕೆಂದರೂ ಪಡಸಾಲೆಯಲ್ಲಿ ಕೂತ ಬೀಗರ ಮುಂದೆಯೇ ದಾಟಿ ಹೋಗಬೇಕು. ಒಮ್ಮೆ ಹೋದರೆ ವಯಸ್ಸು ಎಂದಾರು. ನಾಲ್ಕನೇ ಸಲಕ್ಕೆ ಸಕ್ಕರೆ ಎಂದಾರು. ಸಕ್ಕರೆ ವಂಶದಲ್ಲಿ ಇಳಿಯುತ್ತದೆ ಎಂಬ ಜ್ಞಾನ ಅಷ್ಟರಲ್ಲಿ ಹಡಗಲಿಯನ್ನೂ ಮುಟ್ಟಿತ್ತು.

ಮಾವ ಪರಿಹಾರ ಕಂಡುಹಿಡಿದ. ಕುಡಿದರೆ ತಾನೆ ಹೋಗುವುದು? "ಭಾವಾ, ಮುಂಜಾನಿಂದ ಒಂದು ಹನಿ ಬಾಯಾಗ ಹಾಕಬ್ಯಾಡ್ರಿ. ಮಾತು ಮುಗುದ ಮ್ಯಾಲೆ ಬೇಕಾದ್ರ ಬಾವಿಗೆ ಬಾಯಿ ಹಚ್ರಿ."

"ಬ್ಯಾಡ ಅಪ್ಪಾ, ನಿನಗ ಆಗಂಗಿಲ್ಲ" ಎಂದೆ ನಾನು.

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು, "ಒಂದು ಹೊತ್ತಿಂದು ಏನು ಮಹಾ ಬಿಡವ್ವಾ, ತಡಕಂತೀನಿ. ನಿನ್ನ ಕಾರ್ಯ ಆಗ್ಲಿ" ಎಂದ.

ಬಂದವರಿಗೆಲ್ಲ ಬೆಲ್ಲ ನೀರು ಕೊಡದೆ ಮಾತಾಡಿಸದ ನಮ್ಮ ಮನೆಯಲ್ಲಿ ಅವತ್ತು ಮನೆಯ ಯಜಮಾನನಿಗೇ ನೀರು ಬಂದ್. ಮಾವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೀರಿನ ಹಂಡೆಗೆ ಕಾವಲು ಕೂತ. ಏಪ್ರಿಲ್ ಬಿಸಿಲು. ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತೇವೆಂದ ಬೀಗರು ಮಧ್ಯಾಹ್ನವಾದರೂ ಬರಲಿಲ್ಲ. ಅವರ ಜೀಪು ಹಗರಿಬೊಮ್ಮನಹಳ್ಳಿಯಲ್ಲಿ ಕೆಟ್ಟು ನಿಂತಿತ್ತು. ಇಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು. ಒಂದು ಹನಿ ಕುಡಿಯದಿದ್ದರೂ ಅಪ್ಪ ಎಂದಿನಂತೆಯೇ ಹಿತ್ತಲಿಗೆ ಹೋಗುತ್ತಿದ್ದ. ಮಾವ ಗೊಂದಲಕ್ಕೆ ಬಿದ್ದು, "ಕುಡಿದಿಲ್ಲ ತಿಂದಿಲ್ಲ, ಎಲ್ಲಿಂದ ಬರ್ತೈತಿ ಇದು?" ಎಂದು ಅವ್ವನನ್ನು ಕೇಳಿದ. ನಾವೆಲ್ಲ ಇಷ್ಟು ವರ್ಷ ತಿರುಗುಮುರುಗಾಗಿ ತಿಳಿದಿದ್ದೆವು. ಕುಡಿಯುತ್ತಾನೆಂದು ಹೋಗುವವನಲ್ಲ ಅಪ್ಪ, ಹೋಗುತ್ತದೆಂದು ಕುಡಿಯುವವನು. ನೀರು ಹಿಡಿದಿಡಲು ಮೈಗೆ ಬರುತ್ತಿಲ್ಲ. ಹೊರಗೆ ಹೋಗುವ ನೀರನ್ನು ಬಿಟ್ಟು ನಾವು ಒಳಗೆ ಬರುವ ನೀರನ್ನು ಕಟ್ಟಿಹಾಕಿದ್ದೆವು. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ಅವ್ವ ನನ್ನನ್ನು ಒಳಕೋಣೆಗೆ ನೂಕಿ ಸೀರೆಯ ನೆರಿಗೆ ಸರಿಮಾಡತೊಡಗಿದಳು.

ಚಹದ ತಟ್ಟೆ ಹಿಡಿದು ನಾನು ಪಡಸಾಲೆಗೆ ಬಂದಾಗ ಅಪ್ಪ ಜಮಖಾನೆಯ ಮೇಲೆ ಗೋಡೆಗೆ ಒರಗಿದ್ದ. ತುಟಿ ಬಿರಿದಿತ್ತು, ನಾಲಿಗೆ ತಡವರಿಸುತ್ತಿತ್ತು. ಕೈ ನಡುಗುತ್ತಿತ್ತು. ಹುಡುಗನ ತಂದೆ ಗೌರವದಿಂದ, "ಮತ್ತ ಯಜಮಾನ್ರ, ಮಳಿ ಬೆಳಿ ಹೆಂಗೈತ್ರಿ ಈ ಕಡೆ?" ಎಂದು ಕೇಳಿದರು. ಅಪ್ಪ ಅವರನ್ನು ದಿಟ್ಟಿಸಿ ನೋಡಿ, ಭಟ್ಟಿಯ ಆಳಿಗೆ ಹೇಳುವಂತೆ, "ಮರಳು ಜರಡಿ ಹಿಡಿಲೇ, ಹೊತ್ತೇರಿತು" ಎಂದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಿಸಿಲ್ರಿ, ಬಿಸಿಲು" ಎಂದು ಮಾವ ಹಲ್ಲು ಕಿರಿದ.

ನಾನು ತಟ್ಟೆಯನ್ನು ಹುಡುಗನ ಮುಂದೆಯೇ ನೆಲಕ್ಕಿಟ್ಟು ಒಳಗೆ ಓಡಿ ನೀರಿನ ಚೆಂಬು ತಂದೆ. "ತಂಗೀ, ಮಾತು ನಡದೈತಿ" ಎಂದು ಮಾವ ಅಡ್ಡ ಬಂದ. ಅವನನ್ನು ದಾಟಿ ಹೋಗಿ ಅಪ್ಪನ ಬಾಯಿಗೆ ಚೆಂಬು ಹಿಡಿದೆ. ಎರಡು ಗುಟುಕು ಇಳಿಯಿತು, ಮೂರನೆಯದು ತುಟಿಯಂಚಿನಿಂದ ಸುರಿದುಹೋಯಿತು. ಅಪ್ಪ ನನ್ನ ಮೇಲೆಯೇ ವಾಲಿದ.

ಹಡಗಲಿಯವರು ಒಳ್ಳೆಯ ಜನ. ತಮ್ಮ ಜೀಪನ್ನು ಬಿಟ್ಟುಕೊಟ್ಟು, ಬಂದ ಎಂಟೂ ಜನ ಬಸ್‌ಸ್ಟ್ಯಾಂಡಿಗೆ ನಡೆದರು. ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಆ ಸಂಬಂಧದಿಂದ ನಮಗೆ ದಕ್ಕಿದ್ದು ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಒಂದು ಜೀಪಿನ ಪ್ರಯಾಣ. ದಾರಿಯುದ್ದಕ್ಕೂ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಅವನ ಉಸಿರು ನಿಂತೀತೆಂದು ಹೆದರಿ ಮೂಗಿನ ಹತ್ತಿರ ಕೈ ಇಟ್ಟುಕೊಂಡೇ ಕೂತಿದ್ದೆ.

ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಅಪ್ಪನ ಕಣ್ಣುರೆಪ್ಪೆ ಎತ್ತಿ ನೋಡಿ, "ಇವರು ಯಾವ ಮಾತ್ರೆ ತಗೊಳ್ತಾರೆ?" ಎಂದು ಕೇಳಿದರು.

ಅವ್ವ ಮಾವನನ್ನು ನೋಡಿದಳು. ಮಾವ ಗೋಡೆಯನ್ನು ನೋಡಿದ. ಆಮೇಲೆ, "ಏನೂ ಇಲ್ರಿ. ಚೂರು ಸಕ್ಕರಿ ಐತಿ ಅಷ್ಟ" ಎಂದ.

ಸಾಯುತ್ತಿರುವ ಮನುಷ್ಯನ ತಲೆದಿಂಬಿನ ಹತ್ತಿರ ನಿಂತು ಮರ್ಯಾದೆ ಕಾಯುವವರನ್ನು ನಾನು ಅವತ್ತು ನೋಡಿದೆ. ಅವರು ನನ್ನವರೇ, ಅಪ್ಪನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವವರೇ. ಅದಕ್ಕೇ ನನಗೆ ಅಷ್ಟು ಭಯವಾಯಿತು. "ಲಿಥಿಯಂ" ಎಂದೆ ನಾನು, ವಾರ್ಡಿನ ಆ ತುದಿಗೂ ಕೇಳುವಂತೆ. "ನಾನು ಮೂರನೇ ಕ್ಲಾಸಿನ್ಯಾಗ ಇದ್ದಾಗಿಂದ. ರಕ್ತ ಒಮ್ಮಿನೂ ತೋರಿಸಿಲ್ರಿ. ಇವತ್ತು ಮುಂಜಾನಿಂದ ನೀರು ಕೊಟ್ಟಿಲ್ಲ."

ಡಾಕ್ಟರಮ್ಮ ಮಾವನನ್ನು ನೋಡಿದ ನೋಟ ನನಗೆ ಆ ವರ್ಷ ಸಿಕ್ಕ ಒಂದೇ ಬಹುಮಾನ. ರಕ್ತದಲ್ಲಿ ಉಪ್ಪು ವಿಪರೀತ ಏರಿತ್ತು, ಗುಳಿಗೆಯೂ ಮೈಯಲ್ಲಿ ಹೆಚ್ಚಾಗಿ ನಿಂತಿತ್ತು, ಸಕ್ಕರೆ ಮಾತ್ರ ಇರಲೇ ಇಲ್ಲ. ನಮ್ಮ ಹಿತ್ತಲಿನ ಇರುವೆಗಳು ಮೊದಲೇ ಹೇಳಿದ್ದನ್ನು ದೊಡ್ಡಾಸ್ಪತ್ರೆಯ ಯಂತ್ರವೂ ಹೇಳಿತು. ಏರಿದ ಉಪ್ಪನ್ನು ಒಮ್ಮೆಲೇ ಇಳಿಸುವಂತಿಲ್ಲವಂತೆ. ಮೆದುಳಿನ ಕೋಶಗಳು ಬಾತುಕೊಳ್ಳುತ್ತವೆ. ಹಾಗಾಗಿ ನೀರಿಗಾಗಿ ಸತ್ತುಹೋಗುತ್ತಿದ್ದವನಿಗೆ ನೀರನ್ನು ಹನಿಹನಿಯಾಗಿ ಏರಿಸಿದರು.

ಅಪ್ಪ ಕಣ್ಣು ಬಿಟ್ಟು ಮಾತಾಡತೊಡಗಿದ ಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದರು. ನೀರು ಕಡಿಮೆಯಾದಾಗ ತಲೆಯೊಳಗಿಂದ ಒಂದು ಹಾರ್ಮೋನು ಹೊರಡುತ್ತದೆ. ಮೂತ್ರಪಿಂಡಕ್ಕೆ ಹೋಗಿ "ನೀರು ಹಿಡಿದಿಡು" ಎಂದು ಹೇಳುವುದು ಅದರ ಕೆಲಸ. ಆ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿನ ಕೋಶಗಳ ಮೇಲೆ ರಿಸೆಪ್ಟರುಗಳಿವೆ, ಕಿವಿಗಳು ಎನ್ನೋಣ. ಕೇಳಿಸಿಕೊಂಡ ಕೋಶ ತನ್ನ ನೀರಿನ ಬಾಗಿಲು ತೆರೆಯುತ್ತದೆ. ಹೋಗುತ್ತಿದ್ದ ನೀರು ವಾಪಸು ಒಳಗೆ ಬರುತ್ತದೆ. ಹಾಗೆ ಎಳೆಯುವ ಬಲ ಬರುವುದು ಸುತ್ತ ತುಂಬಿರುವ ಉಪ್ಪಿನಿಂದ. ಮೂತ್ರಪಿಂಡದ ಆಳದಲ್ಲಿ ರಕ್ತಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪ್ಪು. ಬೇರೆ ಕೋಶಗಳಾದರೆ ಸುಕ್ಕುಗಟ್ಟಿ ಹೋಗುವ ಆ ಒತ್ತಡದಲ್ಲಿ ಈ ಕೋಶಗಳು ಸಂಸಾರ ಮಾಡುತ್ತವೆ. ಉಪ್ಪು ಏರಿದಂತೆ ಇಳಿದಂತೆ ತಮ್ಮ ಕಿವಿ ಬಾಗಿಲುಗಳನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತವೆ. ಲಿಥಿಯಂ ವರ್ಷಾನುಗಟ್ಟಲೆ ಆ ಕೋಶಗಳೊಳಗೆ ಸೇರಿ ಹಾರ್ಮೋನಿನ ಮಾತು ಕೇಳದಂತೆ ಮಾಡಿತ್ತು. ಕೇಳದೆ ನೀರು ಹರಿಯಿತು. ಹರಿದ ನೀರು ಒಳಗಿನ ಉಪ್ಪನ್ನೂ ತೊಳೆದುಕೊಂಡು ಹೋಯಿತು. ಉಪ್ಪು ಹೋದ ಮೇಲೆ ಇದ್ದಬದ್ದ ಕಿವಿಯೂ ಮಂದವಾಯಿತು. "ಇದರಲ್ಲಿ ನಮಗೂ ಪೂರ್ತಿ ಗೊತ್ತಿಲ್ಲದ್ದು ಬಹಳ ಇದೆ" ಎಂದೂ ಅವರೇ ಸೇರಿಸಿದರು. ನಮ್ಮ ಮಾವನ ಬಾಯಿಂದ ನಾನು ಎಂದೂ ಕೇಳದ ವಾಕ್ಯ ಅದು.

ಅಪ್ಪನಿಗೆ ನಾನು ಇದನ್ನೆಲ್ಲ ಹೇಳಿದೆ. ಅವನು, "ಉಪ್ಪುನೀರು ಹದ ತಪ್ಪಿದ್ರ ಅಕ್ಕಿ ಎಷ್ಟು ಹುರಿದ್ರೂ ಅರಳಂಗಿಲ್ಲ, ಹಂಗ ಅನ್ನು" ಎಂದ. ಹೆಚ್ಚೂಕಡಿಮೆ ಹಾಗೆಯೇ ಎಂದೆ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಅಪ್ಪನ ಹಳೆಯ ಮನೋರೋಗದ ಡಾಕ್ಟರೂ ಬಂದರು. ಗುಳಿಗೆ ಬಿಟ್ಟರೆ ಮೂತ್ರಪಿಂಡಕ್ಕೆ ಒಳ್ಳೆಯದು, ಆದರೆ ತಲೆಗೆ ಏನಾದೀತೋ ಹೇಳಲಾಗದು. ಬೇರೆ ಗುಳಿಗೆ ನೋಡಬಹುದು, ಅದು ಇವನಿಗೆ ಒಗ್ಗೀತೋ ಇಲ್ಲವೋ. ಮಾವ ತಕ್ಷಣ, "ಬಿಡಿಸಿಬಿಡ್ರಿ, ಹುಚ್ಚಿನ ಗುಳಿಗಿ ಯಾಕ ಬೇಕು, ಕಿಡ್ನಿ ಮುಖ್ಯ" ಎಂದ.

ಅಪ್ಪ ಮಂಚದ ಮೇಲೆ ಎದ್ದು ಕೂತ. ಮಾವನಿಗೆ ಅವನು ಎದುರಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಗ್ವಾಡಿ ಕಡೆ ಮುಖ ಮಾಡಿ ಮಲಗಿದಾಂವ ನಾನು, ನೀನಲ್ಲ. ಅಲ್ಲಿಗೆ ಮತ್ತ ಹೋಗಾಕ ನಾ ಒಲ್ಲೆ. ಗುಳಿಗಿ ಇರ್ಲಿ, ಕಮ್ಮಿ ಮಾಡ್ರಿ, ರಕ್ತ ತೋರಿಸ್ತೀನಿ. ನೀರು ಎಷ್ಟು ಬೇಕೋ ಅಷ್ಟು ಕುಡಿತೀನಿ. ಯಾರೂ ಅಡ್ಡ ಬರಬ್ಯಾಡ್ರಿ."

ಡಾಕ್ಟರುಗಳು ಒಪ್ಪಿದರು. ಗುಳಿಗೆಯ ಪ್ರಮಾಣ ಇಳಿಸಿ, ಜೊತೆಗೆ ಇನ್ನೊಂದು ಮಾತ್ರೆ ಬರೆದರು. ಅದು ಮೂತ್ರ ಹೆಚ್ಚಿಸುವ ಮಾತ್ರೆಯಂತೆ. ಆದರೆ ಈ ತೊಂದರೆಯಲ್ಲಿ ಅದೇ ಮೂತ್ರವನ್ನು ಕಡಿಮೆ ಮಾಡುತ್ತದಂತೆ. ಇದನ್ನು ಕೇಳಿದ ಮಾವ, ತನ್ನ ಬೆಲ್ಲದ ಪರೀಕ್ಷೆಗೆ ನಕ್ಕವರೆಲ್ಲ ಈಗ ನಗಲಿ ನೋಡೋಣ ಎನ್ನುವಂತೆ ನನ್ನ ಕಡೆ ನೋಡಿದ.

ಊರಿಗೆ ಬಂದ ಮೇಲೆ ಮಾವನ ಆಡಳಿತ ಹೊಸ ರೂಪ ತಾಳಿತು. ಅವನಿಗೆ 'ಕಿಡ್ನಿ' ಎಂಬ ಪದ ಬಹಳ ಹಿಡಿಸಿತ್ತು. ಸಕ್ಕರೆಗಿಂತ ಅದು ಗೌರವದ್ದು, ದೊಡ್ಡವರಿಗೆಲ್ಲ ಬರುತ್ತದೆ, ಯಾರೂ ಹುಚ್ಚು ಎನ್ನುವುದಿಲ್ಲ. ಭಟ್ಟಿಗೆ ಬಂದವರಿಗೆಲ್ಲ, "ನಮ್ಮ ಭಾವಾಗ ಕಿಡ್ನಿ ಐತ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ, ಉಳಿದವರಿಗೆ ಇಲ್ಲವೆನ್ನುವ ಹಾಗೆ.

ವರ್ಷ ತಿರುಗಿದ ಮೇಲೆ ಕೂಡ್ಲಿಗಿ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಶೇಂಗಾ ವ್ಯಾಪಾರದ ಮನೆತನ. ಮಾವ ಮತ್ತೆ ಎಲ್ಲರಿಗೂ ಪಾಠ ಒಪ್ಪಿಸಿದ: ಕೇಳಿದರೆ ಕಿಡ್ನಿ ಅನ್ನಬೇಕು, ಗುಳಿಗೆಯ ಸುದ್ದಿ ತೆಗೆಯಬಾರದು. ಬೀಗರು ಬಂದಾಗ ಅಪ್ಪ ತುಂಬಿದ ಕೊಡವನ್ನು ಪಕ್ಕದಲ್ಲಿಟ್ಟುಕೊಂಡೇ ಜಮಖಾನೆಯ ಮೇಲೆ ಕೂತ. ಒಂದು ಚೆಂಬು ಎತ್ತಿ ಕುಡಿದ. ಇನ್ನೊಂದು ಚೆಂಬು ಕುಡಿದ. ಹುಡುಗನ ತಂದೆ ನೋಡಿಯೂ ನೋಡದಂತೆ ಇದ್ದರು, ತಾಯಿ ಮಾತ್ರ ನೆಟ್ಟ ಕಣ್ಣು ತೆಗೆಯಲಿಲ್ಲ. ಮಾವ "ಕಿಡ್ನಿ..." ಎಂದು ಶುರುಮಾಡಿದ.

"ಸುಮ್ನಿರು" ಎಂದ ಅಪ್ಪ. ಆಮೇಲೆ ಬೀಗರ ಕಡೆ ತಿರುಗಿ, "ನನಗ ಹಿಂದಕ ತಲಿ ಕೆಟ್ಟಿತ್ರಿ. ಭಾಳ ಕೆಟ್ಟಿತ್ತು. ಅದಕ್ಕ ದಾವಣಗೆರಿ ಡಾಕ್ಟರ್ ಕೊಟ್ಟ ಗುಳಿಗಿ ದಿನಾ ತಗೊಂತೀನಿ, ಅದರಿಂದ ನೀರು ಹೆಚ್ಚು ಕುಡೀಬೇಕಾಗೈತಿ. ನಡುವ ಏಳ್ತೀನಿ, ಹೋಗಿ ಬರ್ತೀನಿ. ಅದಕ್ಕ ಮಾತು ಮುರಿತೈತಿ ಅನ್ನಂಗಿದ್ರ ಈಗ ಮುರೀಲಿ. ಇದನ್ನ ಬಿಟ್ಟು ಕೇಳೋದಿದ್ರ ಕೇಳ್ರಿ" ಎಂದ. ಹೇಳಿದಂತೆಯೇ ಎದ್ದು, ಅವರ ನಡುವೆಯೇ ದಾಟಿ ಹಿತ್ತಲಿಗೆ ಹೋದ.

ಮಾವನ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತ್ತು. ಒಳಬಾಗಿಲಲ್ಲಿ ನಿಂತಿದ್ದ ನನಗೆ ಅಪ್ಪನ ಮೇಲೆ ಉಕ್ಕಿದ ಅಭಿಮಾನಕ್ಕೆ ಕಣ್ಣು ತುಂಬಿತು. ಈ ಸಂಬಂಧವೂ ಹೋಯಿತು ಎಂದುಕೊಂಡು ಅಡುಗೆಮನೆಗೆ ಬಂದು ಚಹದ ಪಾತ್ರೆ ಒಲೆಯಿಂದ ಇಳಿಸಿದೆ.

ಹಿಂದೆಯೇ ಬಳೆಯ ಸದ್ದಾಯಿತು. ಹುಡುಗನ ತಾಯಿ. ನೀರು ಬೇಕೆನ್ನುವ ನೆವ ಮಾಡಿ ಎದ್ದು ಬಂದಿದ್ದರು. ನಾನು ಲೋಟ ಕೊಟ್ಟರೆ ಅದನ್ನು ಕುಡಿಯದೆ ಕೈಯಲ್ಲಿ ತಿರುಗಿಸುತ್ತ ನಿಂತರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಆ ದಾವಣಗೆರಿ ಡಾಕ್ಟರ್ ಯಾವ ವಾರ ಇರ್ತಾರವ್ವಾ?"

"ಮಂಗಳವಾರ ಇರ್ತಾರ್ರಿ. ಯಾರಿಗೆ ತೋರಿಸಬೇಕಿತ್ತು?"

ಅವರು ಕುಡಿಯದ ಲೋಟವನ್ನು ಒಲೆಯ ಕಟ್ಟೆಯ ಮೇಲಿಟ್ಟರು. "ನನಗ" ಎಂದರು.